ರಾಕೆಟ್ಟಿನ ಕೆಳಗಿನ ಗುಂಡಿ

ಹೋದ ವರ್ಷ ತಾಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನದ ಸುದ್ದಿ ಮಾಡಲು ಹೋಗಿದ್ದೆವು. ಶಾಸಕರು ಬರುವುದು ತಡವಾಗಿತ್ತು. ಕಾಯುತ್ತಾ ಮೇಜುಗಳ ನಡುವೆ ಸುತ್ತಾಡುತ್ತಿದ್ದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಥರ್ಮೋಕೋಲ್ ರಾಕೆಟ್ ನಿಲ್ಲಿಸಿಕೊಂಡು ನಿಂತಿದ್ದಳು. ಅದರ ಬುಡಕ್ಕೆ ಸಲೈನ್ ಪೈಪ್ ಸಿಕ್ಕಿಸಿ ನೀರು ತೊಟ್ಟಿಕ್ಕುವ ಹಾಗೆ ಮಾಡಿದ್ದಳು. ವಿವರಣೆಯನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ ಮೇಲೆ, "ಸಾರ್, ನೀವು ಪೇಪರ್‌ನೋರಲ್ವಾ? ರಾಕೆಟ್ ಹಾರೋವಾಗ ಕೆಳಗಡೆ ನೀರು ಯಾಕೆ ಬಿಡ್ತಾರೆ ಸಾರ್? ಟಿವಿಲಿ ನೋಡಿ ಮಾಡಿದ್ದೀನಿ, ಯಾಕೆ ಅಂತ ಗೊತ್ತಿಲ್ಲ" ಎಂದಳು. "ಬೆಂಕಿಗೆ ಎಲ್ಲಾ ಸುಟ್ಟುಹೋಗಬಾರದು ಅಂತಮ್ಮ" ಎಂದೆವು. ಮೇಷ್ಟ್ರೂ ತಲೆಯಾಡಿಸಿದರು. ಅಷ್ಟರಲ್ಲಿ ಶಾಸಕರು ಬಂದರು.

ಆ ಉತ್ತರ ಪೂರ್ತಿ ತಪ್ಪಲ್ಲ, ಆದರೆ ಮುಖ್ಯವಾದದ್ದು ಅದರಲ್ಲಿ ಇರಲಿಲ್ಲ. ಆಮೇಲೆ ಓದುತ್ತಾ ಹೋದಂತೆ ನೀರಿನ ಕತೆಗಿಂತ ಗುಂಡಿಯ ಕತೆ ದೊಡ್ಡದು ಎಂದು ತಿಳಿಯಿತು. ರಾಕೆಟ್ಟಿನ ಬಗ್ಗೆ ಬರೆಯುವವರೆಲ್ಲ ಕತ್ತೆತ್ತಿ ಮೇಲೆ ನೋಡುತ್ತಾರೆ. ಅದು ನಿಂತ ಗುಂಡಿಯ ಆಕಾರ ಎಂಥದ್ದು ಎಂದು ಬಗ್ಗಿ ನೋಡುವವರು ಕಡಿಮೆ. ಆ ಆಕಾರವನ್ನು ಸರಿಯಾಗಿ ಅಳೆಯದೆ ಹೋದದ್ದರಿಂದ 1981ರಲ್ಲಿ ಇಬ್ಬರ ಪ್ರಾಣಕ್ಕೇ ಕುತ್ತು ಬರುವುದರಲ್ಲಿತ್ತು. ಆ ಹುಡುಗಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ.

ದೀಪಾವಳಿಯ ಮಾರನೇ ದಿನ ಬೀದಿಯಲ್ಲಿ ಬಿದ್ದ ಠುಸ್ ಪಟಾಕಿಗಳನ್ನು ಆರಿಸಿ ಮದ್ದನ್ನು ಕಾಗದದ ಮೇಲೆ ಸುರಿದು ಕಡ್ಡಿ ಗೀರಿದ್ದು ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ಬುಸ್ ಎಂದು ಉರಿದು ಹೋಗುತ್ತದೆ, ಅಷ್ಟೇ. ಹುಬ್ಬು ಸುಟ್ಟುಕೊಂಡವರೂ ಇದ್ದಾರೆ, ಯಾರೂ ಹಾಗೆ ಮಾಡಬೇಡಿ. ಅದೇ ಮದ್ದು, ಅಷ್ಟೇ ಪ್ರಮಾಣದಲ್ಲಿ, ಬಿಗಿಯಾಗಿ ಸುತ್ತಿದ ಕಾಗದದೊಳಗೆ ಇದ್ದಾಗ ಢಂ ಎನ್ನುತ್ತದೆ. ಮದ್ದು ಬದಲಾಗಿಲ್ಲ, ಅದರ ಸುತ್ತಲಿನ ಗೋಡೆ ಬದಲಾಗಿದೆ.

ಉರಿದ ಅನಿಲ ಹಿಗ್ಗಿದಾಗ ಪಕ್ಕದ ಗಾಳಿಯನ್ನು ತಳ್ಳುತ್ತದೆ. ತಳ್ಳಿಸಿಕೊಂಡ ಗಾಳಿ ಒತ್ತಿಕೊಂಡು ಬಿಸಿಯಾಗುತ್ತದೆ. ಬಿಸಿ ಗಾಳಿಯಲ್ಲಿ ಸದ್ದು ತಣ್ಣನೆಯ ಗಾಳಿಗಿಂತ ವೇಗವಾಗಿ ಓಡುತ್ತದೆ. ಹಾಗಾಗಿ ಹಿಂದಿನಿಂದ ಹೊರಟ ಅಲೆ ಮುಂದಿನದಕ್ಕಿಂತ ಜೋರಾಗಿ ಬಂದು ಅದನ್ನು ಹಿಡಿಯುತ್ತದೆ, ಅದರ ಹಿಂದಿನದು ಇದನ್ನು ಹಿಡಿಯುತ್ತದೆ. ಕೊನೆಗೆ ಎಲ್ಲವೂ ಒಂದರ ಮೇಲೊಂದು ಪೇರಿಸಿಕೊಂಡು ಕಡಿದಾದ ಗೋಡೆಯಂತೆ ಮುನ್ನುಗ್ಗುತ್ತವೆ. ಇದೇ ಆಘಾತ ತರಂಗ, ಶಾಕ್ ವೇವ್. ತೇರು ಎಳೆದು ಮುಗಿದ ಮೇಲೆ ಜನ ಹೊರಡುವುದನ್ನು ನೆನೆಯಿರಿ. ಬಯಲಿನಲ್ಲಾದರೆ ನಾಲ್ಕೂ ಕಡೆಗೆ ಚದುರುತ್ತಾರೆ. ಎರಡು ಕಡೆ ಗೋಡೆಯಿರುವ ಓಣಿಯೊಳಗೆ ಹೊಕ್ಕರೆ ಹಿಂದಿನವರು ನೂಕಿದ್ದು ಮುಂದಿನವರ ಬೆನ್ನಿಗೇ ಬೀಳುತ್ತದೆ. ಗಾಳಿಯೂ ಹಾಗೆಯೇ. ಬಯಲಿನಲ್ಲಿ ಹುಟ್ಟಿದ ಅಲೆ ದೂರ ಹೋದಷ್ಟೂ ಹರಡಿ ಬಡವಾಗುತ್ತದೆ. ಕೊಳವೆಯಲ್ಲಿ ಹರಡಲು ಜಾಗವಿಲ್ಲದ್ದರಿಂದ ಅದು ತೆಳುವಾಗದೆ ಇನ್ನಷ್ಟು ಕಡಿದಾಗುತ್ತದೆ. ಕೊಳವೆಯ ತುದಿ ಮುಚ್ಚಿದ್ದರೆ ಗೋಡೆಗೆ ಬಡಿದು ಹಿಂದಕ್ಕೆ ತಿರುಗುತ್ತದೆ. ಬಡಿದ ಜಾಗದಲ್ಲಿ ಒತ್ತಡದ ಏರಿಕೆ ಎರಡು ಪಟ್ಟು, ಅಲೆ ಬಲವಾಗಿದ್ದರೆ ಅದಕ್ಕೂ ಹೆಚ್ಚು. ಕೊಳವೆ ದಿಢೀರನೆ ಅಗಲವಾದರೆ ಅಲೆಯ ಬಲ ಕುಗ್ಗುತ್ತದೆ. ಚೂಪಾದ ತಿರುವು ಸಿಕ್ಕರೆ ಒಂದು ಭಾಗ ಮುಂದೆ ಹೋಗಿ ಉಳಿದದ್ದು ವಾಪಸು ಬರುತ್ತದೆ.

ಅಲೆಗಳು ಹೀಗೆ ಪೇರಿಸಿಕೊಳ್ಳುತ್ತವೆ ಎಂಬುದನ್ನು ಜರ್ಮನಿಯ ಗಣಿತಜ್ಞ ರೀಮನ್ 1860ರಲ್ಲೇ ಕಾಗದದ ಮೇಲೆ ತೋರಿಸಿದ್ದರು. ಕೊಳವೆಯಲ್ಲಿ ಬೇಕೆಂದೇ ಅದನ್ನು ಹುಟ್ಟಿಸಿ ಅಳೆದವರು ಫ್ರಾನ್ಸಿನ ಪಾಲ್ ವಿಯೆಲ್. ಹೊಗೆಯಿಲ್ಲದ ಬಂದೂಕಿನ ಮದ್ದನ್ನು 1884ರಲ್ಲಿ ತಯಾರಿಸಿ ಹೆಸರಾದವರು ಇವರೇ. ಗಣಿಗಳಲ್ಲಿ ಅನಿಲ ಹೊತ್ತಿಕೊಂಡಾಗ ಸುರಂಗದುದ್ದಕ್ಕೂ ಏನಾಗುತ್ತದೆ ಎಂಬ ಪ್ರಶ್ನೆ ಅವರ ಮುಂದಿತ್ತು. 1899ರಲ್ಲಿ ಅವರು ಒಂದು ಉದ್ದನೆಯ ಕೊಳವೆಯನ್ನು ತೆಳು ಪೊರೆಯಿಂದ ಎರಡು ಪಾಲು ಮಾಡಿ, ಒಂದು ಕಡೆ ಒತ್ತಡ ಏರಿಸುತ್ತಾ ಹೋದರು. ಪೊರೆ ಹರಿಯಿತು, ಅಲೆ ಇನ್ನೊಂದು ಪಾಲಿನಲ್ಲಿ ಸೆಕೆಂಡಿಗೆ ಸುಮಾರು 600 ಮೀಟರ್ ವೇಗದಲ್ಲಿ ಓಡಿತು. ಸದ್ದಿನ ವೇಗದ ಹೆಚ್ಚುಕಡಿಮೆ ಎರಡು ಪಟ್ಟು. ಅವರು ಗಣಿ ಸುರಂಗಕ್ಕಾಗಿ ಮಾಡಿದ ಈ ಉಪಕರಣ ಅರ್ಧ ಶತಮಾನದ ನಂತರ ಕ್ಷಿಪಣಿ ಮತ್ತು ಬಾಹ್ಯಾಕಾಶ ನೌಕೆಗಳ ಸಂಶೋಧನೆಗೆ ಬೇಕಾಯಿತು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಕೊಳವೆಗಳ ದೊಡ್ಡ ಪರಂಪರೆಯೇ ಇದೆ. ಅಲ್ಲಿಯ ಪ್ರೊ. ಕೆ.ಪಿ.ಜೆ. ರೆಡ್ಡಿಯವರು ರೂಪಿಸಿದ, ಕೈಯಿಂದಲೇ ದಂಡ ಒತ್ತಿ ಆಘಾತ ತರಂಗ ಹುಟ್ಟಿಸುವ ಪುಟ್ಟ ಉಪಕರಣಕ್ಕೆ ರೆಡ್ಡಿ ಟ್ಯೂಬ್ ಎಂದೇ ಹೆಸರು.

ಪ್ರಯೋಗಾಲಯದಲ್ಲಿ ಬೇಕೆಂದು ಹುಟ್ಟಿಸುವ ಈ ಅಲೆ ಉಡಾವಣೆಯ ಗುಂಡಿಯಲ್ಲಿ ಯಾರಿಗೂ ಬೇಡದ ಅತಿಥಿ. 1950ರ ದಶಕದ ಕೊನೆಗೆ ಅಮೆರಿಕ, ಸೋವಿಯತ್ ಎರಡೂ ಕಡೆಯವರು ಕ್ಷಿಪಣಿಗಳನ್ನು ನೆಲದೊಳಗೆ ಅಡಗಿಸಲು ಹೊರಟರು. ಶತ್ರುವಿನ ಬಾಂಬ್ ಪಕ್ಕದಲ್ಲೇ ಬಿದ್ದರೂ ಉಳಿಯಬೇಕು ಎಂಬ ಲೆಕ್ಕಾಚಾರ. ಈ ಕಾಂಕ್ರೀಟ್ ಬಾವಿಗಳಿಗೆ ಸೈಲೊ ಎಂದು ಹೆಸರು. ನಿಜಕ್ಕೂ ಸೈಲೊ ಎಂದರೆ ದನದ ಮೇವು, ಕಾಳು ತುಂಬಿಡುವ ಕಣಜ. ಅಮೆರಿಕದ ಮೊದಲ ಸೈಲೊಗಳಲ್ಲಿ ಕ್ಷಿಪಣಿಯನ್ನು ಒಳಗೇ ಉರಿಸುವ ಧೈರ್ಯ ಇರಲಿಲ್ಲ. ಟೈಟನ್-1 ಕ್ಷಿಪಣಿಯನ್ನು ಲಿಫ್ಟ್‌ನಲ್ಲಿ ನೆಲದ ಮೇಲಕ್ಕೆ ಎತ್ತಿ ಆಮೇಲೆ ಬೆಂಕಿ ಕೊಡುತ್ತಿದ್ದರು. ಅದಕ್ಕೆ ಹಿಡಿಯುತ್ತಿದ್ದದ್ದು ಹದಿನೈದು ನಿಮಿಷ. ಯುದ್ಧದ ಲೆಕ್ಕದಲ್ಲಿ ಅದು ಬಹಳ ದೊಡ್ಡ ಹೊತ್ತು. ಒಳಗಿಂದಲೇ ಹಾರಿಸುವುದು ಹೇಗೆ?

ಬ್ರಿಟಿಷರು ತಮ್ಮ ಬ್ಲೂ ಸ್ಟ್ರೀಕ್ ಕ್ಷಿಪಣಿಗೆ ಇಂಗ್ಲಿಷಿನ ಯು ಅಕ್ಷರದಂಥ ಬಾವಿ ಯೋಚಿಸಿದರು. ಒಂದು ಕಾಲಿನಲ್ಲಿ ಕ್ಷಿಪಣಿ, ಇನ್ನೊಂದು ಕಾಲಿನಿಂದ ಬೆಂಕಿ ಮತ್ತು ಹೊಗೆ ಹೊರಕ್ಕೆ. ವೆಸ್ಟ್‌ಕಾಟ್ ಎಂಬಲ್ಲಿ ಸಣ್ಣ ಮಾದರಿಗಳನ್ನು ಕಟ್ಟಿ ಪರೀಕ್ಷಿಸಿದರು. 1960ರ ಏಪ್ರಿಲ್‌ನಲ್ಲಿ ಸರ್ಕಾರ ಆ ಕ್ಷಿಪಣಿಯನ್ನೇ ಕೈಬಿಟ್ಟಿತು. ಬಾವಿ ಕಾಗದದಲ್ಲೇ ಉಳಿಯಿತು.

ಅಮೆರಿಕನ್ನರು ಟೈಟನ್-2 ಕ್ಷಿಪಣಿಗೆ ಡಬ್ಲ್ಯು ಅಕ್ಷರದ ದಾರಿ ಹಿಡಿದರು. 146 ಅಡಿ ಆಳದ ಬಾವಿಯ ತಳದಲ್ಲಿ ಬೆಂಕಿಯನ್ನು ಎರಡಾಗಿ ಸೀಳುವ ಕಾಂಕ್ರೀಟ್ ದಿಬ್ಬ. ಸೀಳಿದ ಜ್ವಾಲೆ ಎರಡು ಬದಿಯ ಕೊಳವೆಗಳಲ್ಲಿ ತಿರುಗಿ ಮೇಲಕ್ಕೆ ಬಂದು ನೆಲದ ಮಟ್ಟದಲ್ಲಿ ಹೊರಬೀಳುತ್ತಿತ್ತು. ಗೋಡೆಗೆ ಸದ್ದು ಹೀರುವ ಹೊದಿಕೆ, ಜೊತೆಗೆ ನೀರು. 1961ರ ಮೇ 3ರಂದು ಕ್ಯಾಲಿಫೋರ್ನಿಯಾದ ವಾಂಡೆನ್‌ಬರ್ಗ್‌ನಲ್ಲಿ ಮಾರ್ಪಡಿಸಿದ ಟೈಟನ್-1 ಒಂದನ್ನು ಇಂಥ ಪರೀಕ್ಷಾ ಬಾವಿಯಿಂದ ಹಾರಿಸಿ ಗೆದ್ದರು. ಮುಂದೆ ಟೈಟನ್-2 ಒಂದು ನಿಮಿಷದ ಆಸುಪಾಸಿನಲ್ಲಿ ಬಾವಿಯೊಳಗಿಂದಲೇ ಹೊರಡುವಂತಾಯಿತು.

ಮಿನಿಟ್‌ಮನ್ ಕ್ಷಿಪಣಿಯವರಿಗೆ ಇಷ್ಟೆಲ್ಲ ಐಷಾರಾಮ ಸಾಧ್ಯವಿರಲಿಲ್ಲ. ಅವರಿಗೆ ನೂರಾರು ಬಾವಿಗಳು ಬೇಕಿದ್ದವು, ಒಂದೊಂದಕ್ಕೂ ಎರಡೆರಡು ಹೊಗೆಕೊಳವೆ ಕಟ್ಟುತ್ತಾ ಕೂತರೆ ಖರ್ಚು ತಡೆಯದು. ಬರೀ 12 ಅಡಿ ಅಗಲದ, ತಳ ಮುಚ್ಚಿದ ನೇರ ಬಾವಿಯಲ್ಲಿ ಐದೂವರೆ ಅಡಿ ದಪ್ಪದ ಕ್ಷಿಪಣಿ. ಬೆಂಕಿ ಹೋಗಲು ಬೇರೆ ದಾರಿಯೇ ಇಲ್ಲ. ತಳಕ್ಕೆ ಬಡಿದು, ಕ್ಷಿಪಣಿಯ ಪಕ್ಕದ ಮೂರಡಿ ಸಂದಿಯಲ್ಲೇ ಮೇಲಕ್ಕೆ ಬರಬೇಕು. ಕ್ಷಿಪಣಿ ತನ್ನದೇ ಬೆಂಕಿಯೊಳಗೆ ತೂರಿಕೊಂಡು ಹೊರಬರಬೇಕು. ಇದು ಆಗುವ ಮಾತಲ್ಲ ಎಂದವರೇ ಹೆಚ್ಚು. ಆಗ ಮಾಡಿದ ಪರೀಕ್ಷೆ ನಮಗೆ ತುಂಬಾ ಹಿಡಿಸಿತು. 1959ರ ಸೆಪ್ಟೆಂಬರ್‌ನಿಂದ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಪೂರ್ಣ ಗಾತ್ರದ ಕ್ಷಿಪಣಿಗೆ ಕೆಲವೇ ಕ್ಷಣ ಉರಿಯುವಷ್ಟು ಇಂಧನ ತುಂಬಿ, ದಾರಿ ತಪ್ಪದಿರಲೆಂದು ಹಗ್ಗ ಕಟ್ಟಿ ಬಾವಿಯಿಂದ ಹಾರಿಸಿದರು. ಗೂಟಕ್ಕೆ ಕಟ್ಟಿದ ಕರು ನೆಗೆದ ಹಾಗೆ ಅದು ನೆಗೆದು ಬೀಳುತ್ತಿತ್ತು. ಸಣ್ಣ ಮಾದರಿಯ ಲೆಕ್ಕವನ್ನು ಮಾತ್ರ ನಂಬದೆ ನಿಜವಾದ ಗಾತ್ರದ ಬಾವಿಯಲ್ಲಿ ನಿಜವಾದ ಬೆಂಕಿ ಹೊತ್ತಿಸಿ ನೋಡಿದರು ಎಂಬುದು ಇಲ್ಲಿ ಮುಖ್ಯ. ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಅಷ್ಟಾದರೂ 1961ರ ಆಗಸ್ಟ್ 30ರಂದು ಕೇಪ್ ಕೆನವರಲ್‌ನಲ್ಲಿ ಬಾವಿಯಿಂದ ಹೊರಟ ಮೊದಲ ಪೂರ್ಣ ಮಿನಿಟ್‌ಮನ್ ಹೊರಬಂದ ಕೂಡಲೇ ಸಿಡಿದುಹೋಯಿತು. ನವೆಂಬರ್ 17ರಂದು ಮತ್ತೊಂದು ಹಾರಿ ಗುರಿ ತಲುಪಿತು. ಅದರ ಉಡಾವಣೆಯ ಚಿತ್ರಗಳನ್ನು ನೋಡಿದರೆ ಕ್ಷಿಪಣಿಗಿಂತ ಮೊದಲು ಬಾವಿಯ ಬಾಯಿಂದ ದುಂಡನೆಯ ಹೊಗೆಯ ಉಂಗುರವೊಂದು ಏಳುವುದು ಕಾಣುತ್ತದೆ. ಬೀಡಿ ಸೇದುವ ತಾತಂದಿರು ಬಾಯಿ ಗುಂಡಗೆ ಮಾಡಿ ಬಿಡುತ್ತಿದ್ದರಲ್ಲ, ಅದೇ. ಕೊಳವೆಯ ಗಾಳಿಯನ್ನು ಹಿಂದಿನಿಂದ ಅನಿಲ ಒಮ್ಮೆಲೇ ತಳ್ಳಿದ್ದರ ಗುರುತು ಅದು.

ಈ ತೊಂದರೆಯೇ ಬೇಡ ಎಂದವರೂ ಇದ್ದರು. 1960ರ ಜುಲೈ 20ರಂದು ಅಮೆರಿಕದ ಜಲಾಂತರ್ಗಾಮಿಯಿಂದ ಹೊರಟ ಪೊಲಾರಿಸ್ ಕ್ಷಿಪಣಿಯನ್ನು ಒತ್ತಿದ ಗಾಳಿ ಮೇಲಕ್ಕೆ ಎಸೆಯಿತು, ನೀರಿನಿಂದ ಹೊರಬಂದ ಮೇಲೆ ಎಂಜಿನ್ ಹೊತ್ತಿತು. ಸೋವಿಯತ್ತಿನವರು 1970ರ ದಶಕದಲ್ಲಿ ಇನ್ನೂರು ಟನ್ ಮೀರಿದ ಆರ್-36ಎಂ ಕ್ಷಿಪಣಿಯನ್ನೂ ಹೀಗೆ ಬಾವಿಯಿಂದ ತೂರಿ ಗಾಳಿಯಲ್ಲಿ ಹೊತ್ತಿಸಿದರು. ಒಡಿಶಾ ಕರಾವಳಿಯ ವೀಲರ್ ದ್ವೀಪದಿಂದ 2015ರ ಜನವರಿ 31ರಂದು ಅಗ್ನಿ-5 ಮೊದಲ ಸಲ ಮುಚ್ಚಿದ ಕೊಳವೆಯಿಂದ ಹೊರಟದ್ದೂ ಇದೇ ಬಗೆಯಲ್ಲಿ. ಒಳಗೆ ಉರಿಯುವುದು ಎಂಜಿನ್ ಅಲ್ಲ, ಬೇಕಾದಷ್ಟೇ ಒತ್ತಡ ಕೊಡುವ ಬೇರೆಯೇ ಒಂದು ಅನಿಲದ ಪೆಟ್ಟಿಗೆ.

ಇನ್ನು 1981ಕ್ಕೆ ಬರೋಣ. ಆಗ ನಾವಿನ್ನೂ ಹುಟ್ಟಿರಲಿಲ್ಲ.

ಫ್ಲಾರಿಡಾದ 39ಎ ಉಡಾವಣಾ ವೇದಿಕೆಯನ್ನು ಕಟ್ಟಿದ್ದು ಚಂದ್ರನಿಗೆ ಹೋದ ಸ್ಯಾಟರ್ನ್-5 ರಾಕೆಟ್ಟಿಗಾಗಿ. ವೇದಿಕೆಯ ಮಧ್ಯೆ 58 ಅಡಿ ಅಗಲ, ಸುಮಾರು 42 ಅಡಿ ಆಳದ ಇಟ್ಟಿಗೆ ಹೊದಿಸಿದ ಕಾಲುವೆ. ಎರಡೂ ತುದಿ ಬಯಲಿಗೆ ತೆರೆದಿದ್ದರೂ ಮೇಲೆ ಉಡಾವಣಾ ಕಟ್ಟೆ ಕೂತಾಗ ರಾಕೆಟ್ಟಿನ ಕೆಳಗಿನ ಜಾಗ ಅರ್ಧ ಮುಚ್ಚಿದ ಕೊಳವೆಯೇ. ಸ್ಯಾಟರ್ನ್‌ನ ದ್ರವ ಇಂಧನದ ಎಂಜಿನ್‌ಗಳು ನಿಧಾನಕ್ಕೆ ಬಲ ಏರಿಸಿಕೊಳ್ಳುತ್ತಿದ್ದವು. ಕೊಳವೆಯ ಗಾಳಿಗೆ ಸರಿದುಕೊಳ್ಳಲು ಹೊತ್ತು ಸಿಗುತ್ತಿತ್ತು. ಅದೇ ವೇದಿಕೆಗೆ ಸ್ಪೇಸ್ ಶಟಲ್ ಬಂತು. ಅದರ ಎರಡು ಬೂಸ್ಟರ್‌ಗಳು ಘನ ಇಂಧನದವು, ಒಂದೊಂದರ ನೂಕುಬಲ ಸುಮಾರು 1,200 ಟನ್. ಹೊತ್ತಿದ ಮೇಲೆ ಒಂದು ಸೆಕೆಂಡೂ ತುಂಬುವ ಮೊದಲು ಅಷ್ಟೂ ಬಲ ಬಂದುಬಿಡುತ್ತದೆ. ಅಲೆ ಎಷ್ಟು ಕಡಿದಾಗುತ್ತದೆ ಎಂಬುದು ಬೆಂಕಿ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಎಷ್ಟು ಬೇಗ ಏರುತ್ತದೆ ಎಂಬುದರ ಮೇಲೆ ನಿಂತಿದೆ. ಎರಡು ತಲೆಮಾರಿನ ರಾಕೆಟ್‌ಗಳ ನಡುವಿನ ವ್ಯತ್ಯಾಸ ಇದು.

ಇದನ್ನು ಎಂಜಿನಿಯರುಗಳು ಮರೆತಿರಲಿಲ್ಲ. ಹಂಟ್ಸ್‌ವಿಲ್‌ನ ಮಾರ್ಷಲ್ ಕೇಂದ್ರದಲ್ಲಿ ನಿಜದ ಶೇ. 6.4ರಷ್ಟು ಗಾತ್ರದ ಮಾದರಿ ಕಟ್ಟಿದ್ದರು. ಕಾಲುವೆಯ ಆಕಾರ ತಕ್ಕಮಟ್ಟಿಗೆ ಹಾಗೇ ಇತ್ತು. ಆದರೆ ಬೂಸ್ಟರ್‌ಗಳ ಜಾಗದಲ್ಲಿ ಇಟ್ಟದ್ದು ಟೊಮಾಹಾಕ್ ಎಂಬ ಬೇರೆ ಸಣ್ಣ ಮೋಟಾರುಗಳನ್ನು. ಅವುಗಳ ಒಳಗೆ ಒತ್ತಡ ಏರುವ ರೀತಿ ನಿಜವಾದ ಬೂಸ್ಟರಿನಂತಿರಲಿಲ್ಲ. ಅಲ್ಲಿ ಸಿಕ್ಕ ಸಂಖ್ಯೆಯನ್ನು ದೊಡ್ಡದು ಮಾಡಿ, ಇಷ್ಟು ಅಲೆ ಬರುತ್ತದೆ, ನೌಕೆ ತಡೆಯುತ್ತದೆ ಎಂದು ಬರೆದುಕೊಂಡರು. ನೀರಿನ ವ್ಯವಸ್ಥೆಯೂ ಇತ್ತು, ಆದರೆ ಅಲೆ ಹುಟ್ಟುವ ಜಾಗಕ್ಕೇ ನೀರು ಬೀಳುತ್ತಿರಲಿಲ್ಲ.

ಏಪ್ರಿಲ್ 12ರ ಬೆಳಿಗ್ಗೆ ಕೊಲಂಬಿಯಾ ಮೊದಲ ಸಲ ಹೊರಟಿತು. ಒಳಗೆ ಜಾನ್ ಯಂಗ್ ಮತ್ತು ರಾಬರ್ಟ್ ಕ್ರಿಪ್ಪೆನ್. ಮಾನವರಹಿತ ಪರೀಕ್ಷೆ ಒಂದನ್ನೂ ಮಾಡದೆ ನೇರ ಮನುಷ್ಯರನ್ನೇ ಕೂರಿಸಿ ಕಳಿಸಿದ ಹಾರಾಟ ಅದು. ಬೂಸ್ಟರ್‌ಗಳು ಹೊತ್ತಿದ ಕ್ಷಣ ಅನಿಲ ಕಾಲುವೆಯ ಗಾಳಿಯನ್ನು ಪಿಸ್ಟನ್ನಿನಂತೆ ತಳ್ಳಿತು, ಪಕ್ಕಕ್ಕೆ ಸರಿಯಲಾಗದ ಗಾಳಿ ಅಲೆಯಾಗಿ ಕಟ್ಟೆಯ ತೂತುಗಳ ಮೂಲಕ ವಾಪಸು ಮೇಲಕ್ಕೆ ನೌಕೆಯ ಮೈಗೇ ಬಂದು ಬಡಿಯಿತು. ಎಣಿಸಿದ್ದಕ್ಕಿಂತ ಸುಮಾರು ನಾಲ್ಕು ಪಟ್ಟು.

ನೌಕೆ ಕಕ್ಷೆ ಸೇರಿತು. ಬಾಗಿಲು ತೆರೆದಾಗ ಬಾಲದ ಬಳಿ ಕೆಲವು ಟೈಲ್ಸ್ ಉದುರಿರುವುದು ಕ್ಯಾಮೆರಾದಲ್ಲಿ ಕಂಡಿತು. ಟೈಲ್ಸ್ ಎಂದರೆ ವಾಪಸು ಬರುವಾಗ ಮೈ ಸುಡದಂತೆ ಅಂಟಿಸಿದ ಬಿಲ್ಲೆಗಳು. ಎಲ್ಲರ ಗಮನವೂ ಅಲ್ಲಿಗೇ ಹೋಯಿತು. ಹೊಟ್ಟೆಯ ಅಡಿಯಲ್ಲೂ ಉದುರಿದ್ದರೆ ಗತಿಯೇನು ಎಂಬ ಆತಂಕ. ಏಪ್ರಿಲ್ 14ರಂದು ನೌಕೆ ಕ್ಷೇಮವಾಗಿ ಇಳಿಯಿತು. 16 ಬಿಲ್ಲೆ ಹೋಗಿದ್ದವು, 148ಕ್ಕೆ ಪೆಟ್ಟಾಗಿತ್ತು. ಸುದ್ದಿಯ ಮಟ್ಟಿಗೆ ಅದು ಸುಖಾಂತ್ಯ. ಕಾರ್ಯಕ್ರಮ ಯಶಸ್ವಿಯಾಗಿ ಜರುಗಿತು ಎಂದು ದಿನವೂ ಬರೆಯುವ ನಮ್ಮಂಥವರಿಗೆ ಈ ವಾಕ್ಯದ ಅಡಿಯಲ್ಲಿ ಏನೇನು ಹೂತುಹೋಗಿರುತ್ತದೆ ಎಂಬುದು ಗೊತ್ತು.

ಹೂತುಹೋಗಿದ್ದು ಇಷ್ಟು. ಮೂಗಿನ ಭಾಗದಲ್ಲಿರುವ ಸಣ್ಣ ಎಂಜಿನ್‌ಗಳ ಟ್ಯಾಂಕಿಗೆ ಆಸರೆಯಾಗಿದ್ದ ಕಂಬಿಯೊಂದು ಬಾಗಿತ್ತು. ಅದಕ್ಕಿಂತ ಭಯದ್ದು ಬಾಲದ ಕೆಳಗಿನ ರೆಕ್ಕೆಯಂಥ ಹಲಗೆಯದು. ಇಳಿಯುವಾಗ ನೌಕೆಯ ಮೂಗು ಎಷ್ಟು ಏರಬೇಕು, ಎಷ್ಟು ಇಳಿಯಬೇಕು ಎಂಬುದನ್ನು ಹಿಡಿತದಲ್ಲಿಡಲು ಅದು ಬೇಕು. ಅಲೆಯ ಹೊಡೆತಕ್ಕೆ ಆ ಹಲಗೆ ತನ್ನ ಮಿತಿಯನ್ನೂ ಮೀರಿ ತಿರುಗಿತ್ತು. ಅದನ್ನು ಆಡಿಸುವ ಹೈಡ್ರಾಲಿಕ್ ಕೊಳವೆಗಳು ಒಡೆದೇ ಹೋಗಬೇಕಿತ್ತು, ಹೇಗೋ ಉಳಿದವು. ಮೇಲೇರುತ್ತಿದ್ದ ಇಬ್ಬರಿಗೂ ಇದು ಗೊತ್ತಾಗಲಿಲ್ಲ. ಮೊದಲೇ ತಿಳಿದಿದ್ದರೆ ಸುರಕ್ಷಿತ ಎತ್ತರಕ್ಕೆ ಹೋಗಿ ನೌಕೆ ಬಿಟ್ಟು ಹೊರಕ್ಕೆ ಚಿಮ್ಮಿಕೊಳ್ಳುತ್ತಿದ್ದೆವು ಎಂಬ ಅರ್ಥದಲ್ಲಿ ಯಂಗ್ ಆಮೇಲೆ ಹೇಳಿದ್ದಾರೆ. ಹಾಗೆ ಮಾಡಿದ್ದರೆ ಮೊದಲ ಹಾರಾಟದಲ್ಲೇ ಶಟಲ್ ಸಮುದ್ರ ಸೇರುತ್ತಿತ್ತು. ಮೇಲೆ ಬಿಲ್ಲೆ ಎಣಿಸುತ್ತಿದ್ದ ಹೊತ್ತಿಗೆ ನಿಜವಾದ ಅಪಾಯ ಕೆಳಗಿನ ಗುಂಡಿಯಲ್ಲಿ ಹುಟ್ಟಿ ಮುಗಿದುಹೋಗಿತ್ತು. ಬಿಲ್ಲೆ ಉದುರಿದ್ದರಲ್ಲೂ ಅದೇ ಅಲೆಯ ಕೈವಾಡವಿತ್ತು.

ಏಳು ತಿಂಗಳ ನಂತರದ ಎರಡನೇ ಹಾರಾಟದೊಳಗೆ ಸರಿಪಡಿಸಬೇಕಿತ್ತು. ಕಾಲುವೆ ಒಡೆದು ಬೇರೆ ಆಕಾರದಲ್ಲಿ ಕಟ್ಟುವಷ್ಟು ಸಮಯವಿಲ್ಲ. ಇಟ್ಟಿಗೆ ಗೋಡೆ ಬದಲಿಸದೆ ಕೊಳವೆಯ ಗುಣ ಬದಲಿಸಬೇಕು. ಮತ್ತೆ ಮಾದರಿ ಪರೀಕ್ಷೆಗೆ ಕೂತರು, ಈ ಸಲ ಒತ್ತಡ ಏರುವ ವೇಗವನ್ನು ಲೆಕ್ಕಕ್ಕೆ ತಂದು. ಉತ್ತರ ನೀರಾಗಿತ್ತು, ಆದರೆ ಸರಿಯಾದ ಜಾಗದಲ್ಲಿ. ಬೂಸ್ಟರ್‌ನ ಬೆಂಕಿ ಇಳಿಯುವ ತೂತಿನೊಳಕ್ಕೇ ನೀರು ಚಿಮ್ಮಿಸಿದರು. ತೂತಿನ ಬಾಯಿಗೆ ಅಡ್ಡಡ್ಡಲಾಗಿ ಬಟ್ಟೆಯ ತೊಟ್ಟಿಲಿನಂಥ ಚೀಲಗಳನ್ನು ಕಟ್ಟಿ ನೀರು ತುಂಬಿದರು. ಕಾಲುವೆಯೊಳಗಿನ ಹನಿಗಳು ಅನಿಲದ ಬಿಸಿಯನ್ನೂ ರಭಸವನ್ನೂ ಕುಡಿದು ಆವಿಯಾಗುತ್ತವೆ, ಪಿಸ್ಟನ್ನಿನ ತಳ್ಳು ಮೆತ್ತಗಾಗುತ್ತದೆ. ಉಳಿದು ಮೇಲಕ್ಕೆ ಬರುವ ಅಲೆಗೆ ಚೀಲಗಳ ನೀರಿನ ಭಾರ ಅಡ್ಡ ನಿಲ್ಲುತ್ತದೆ. ತೂತಿನ ಬಾಯಿಗೆ ನೀರಿನ ಮುಚ್ಚಳ ಹಾಕಿದ ಹಾಗೆ. 1981ರ ನವೆಂಬರ್ 12ರಂದು ಕೊಲಂಬಿಯಾ ಮತ್ತೆ ಹೊರಟಾಗ ಅಲೆ ಬಹಳಷ್ಟು ತಗ್ಗಿತ್ತು. ಆ ಚೀಲಗಳು ಶಟಲ್‌ನ ಕೊನೆಯ ಹಾರಾಟದವರೆಗೂ ಉಳಿದವು.

ವೇದಿಕೆಯ ಪಕ್ಕದ ಟ್ಯಾಂಕ್ 3 ಲಕ್ಷ ಗ್ಯಾಲನ್ನಿನದು, ಅಂದರೆ 11 ಲಕ್ಷ ಲೀಟರಿಗೂ ಹೆಚ್ಚು. ನಮ್ಮ ಹಳ್ಳಿಗಳ ಐವತ್ತು ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕ್‌ಗಳು ಇಪ್ಪತ್ತೆರಡು ತುಂಬುತ್ತವೆ. ಅಷ್ಟೂ ನೀರು 41 ಸೆಕೆಂಡಿನಲ್ಲಿ ಖಾಲಿ. ಟಿವಿಯಲ್ಲಿ ಆ ಹುಡುಗಿ ನೋಡಿದ್ದು ಇಂಥದ್ದೇ ನೀರನ್ನು. ಅದರ ಬಹುಪಾಲು ಕೆಲಸ ಎಂಜಿನ್‌ಗಳ ಭೀಕರ ಸದ್ದು ನೌಕೆಯನ್ನು ಅಲುಗಾಡಿಸದಂತೆ ತಡೆಯುವುದು. ಬೆಂಕಿ ಆರಿಸುವುದಲ್ಲ.

ಕಾಲುವೆಯ ಇಟ್ಟಿಗೆಗಳು ಅಷ್ಟಕ್ಕೇ ಬಚಾವಾಗಲಿಲ್ಲ ಎಂಬುದನ್ನೂ ಹೇಳಬೇಕು. 2008ರ ಮೇ 31ರಂದು ಡಿಸ್ಕವರಿ ನೌಕೆ ಹೊರಟಾಗ ಅದೇ 39ಎ ಕಾಲುವೆಯ ಗೋಡೆಯಿಂದ ಸಾವಿರಾರು ಇಟ್ಟಿಗೆಗಳು ಕಿತ್ತು ಹಾರಿದವು. ನಲವತ್ತು ವರ್ಷದ ಹಳೆಯ ಗಾರೆ. ನೌಕೆಗೆ ಏನೂ ಆಗಲಿಲ್ಲ.

ಇದನ್ನೆಲ್ಲ ಚಿಕ್ಕದಾಗಿ ಬರೆದು ಆ ಶಾಲೆಯ ಮೇಷ್ಟ್ರ ವಾಟ್ಸ್‌ಆ್ಯಪ್‌ಗೆ ಕಳಿಸಿದೆವು, ನಮ್ಮ ಮೊದಲ ಉತ್ತರ ತಪ್ಪಿತ್ತು ಎಂದೂ ಸೇರಿಸಿ. ಎರಡು ದಿನ ಬಿಟ್ಟು ಹುಡುಗಿಯ ದನಿಯಲ್ಲೇ ಒಂದು ಧ್ವನಿ ಸಂದೇಶ ಬಂತು. "ಸಾರ್, ಗುಂಡಿ ಇದ್ದರೆ ತಾನೇ ಅಲೆ ವಾಪಸು ಬರೋದು? ಗುಂಡಿನೇ ತೆಗೀದೆ ಸಪಾಟು ನೆಲದ ಮೇಲೆ ಇಟ್ಟು ಹಾರಿಸಿದ್ರೆ?"

ಅದನ್ನೂ ಮಾಡಿ ನೋಡಿದ್ದಾರೆ ಎಂದು ಉತ್ತರಿಸಿದೆವು. 2023ರ ಏಪ್ರಿಲ್ 20ರಂದು ಟೆಕ್ಸಾಸ್‌ನ ಬೋಕಾ ಚಿಕಾದಲ್ಲಿ ಸ್ಪೇಸ್‌ಎಕ್ಸ್ ಕಂಪನಿ 33 ಎಂಜಿನ್‌ಗಳ ಸ್ಟಾರ್‌ಶಿಪ್ ರಾಕೆಟ್ಟನ್ನು ಕೆಳಗೆ ಕಾಲುವೆಯೇ ಇಲ್ಲದ ಕಟ್ಟೆಯಿಂದ ಹಾರಿಸಿತು. ರಾಕೆಟ್ ಮೇಲೆ ಹೋದ ಮೇಲೆ ನೋಡಿದರೆ ಕಟ್ಟೆಯ ಕೆಳಗಿನ ಕಾಂಕ್ರೀಟ್ ಒಡೆದು ಸಮುದ್ರದವರೆಗೂ ಹಾರಿ, ಅಲ್ಲೊಂದು ಗುಂಡಿ ತಾನಾಗಿಯೇ ಆಗಿತ್ತು.